ರೋಡ್ರಿಯ ತೆರೆಯದ ಕ್ಯಾನು

ಶುಕ್ರವಾರ, ನವೆಂಬರ್ 14, ಕಾರ್ಡಿಫ್

ಆ ಕ್ಯಾನು ಇನ್ನೂ ಕಣ್ಣ ಮುಂದೆಯೇ ಇದೆ.

ಟೀವಿಯ ನಗೆ ಕ್ವಿಜ್‌ನಲ್ಲಿ ನಿರೂಪಕ ಕನ್ನಡಕ ತೆಗೆದಾಗಲೆಲ್ಲ ನಾವೂ ಒಂದು ಗುಟುಕು ಕುಡಿಯಬೇಕು. ಇದು ನಾನು, ರೋಡ್ರಿ, ನೆಸ್ಟಾ ಒಟ್ಟಿಗಿರುವ ಬಾಡಿಗೆ ಮನೆಯ ಶುಕ್ರವಾರದ ಆಟ. ಇವತ್ತು ಪುಣ್ಯಾತ್ಮ ಹನ್ನೊಂದು ಸಲ ತೆಗೆದ. ರೋಡ್ರಿ ಮಾತ್ರ ಸೈಡರ್ ಎಂಬ ಸೇಬಿನ ಮದ್ಯದ ಕ್ಯಾನನ್ನು ಸುಮ್ಮನೆ ತುಟಿಗೆ ತಾಗಿಸಿ ಇಳಿಸುತ್ತಿದ್ದ.

"ಕಳ್ಳ ನನ್ಮಗನೇ, ಕ್ಯಾನ್ ಓಪನ್ನೇ ಮಾಡಿಲ್ವಲ್ಲೋ!" ಎಂದು ನೆಸ್ಟಾ ಹಿಡಿದೇಬಿಟ್ಟಳು. ಅವನ ಮುಖ ಬಿಳಿಚಿತು.

"ಹೊಸ ರೂಲ್ಸು! ಸಿಕ್ಕಿಬಿದ್ದೋರು ಎಲ್ರಿಗೂ ಟೀ ಮಾಡ್ಬೇಕು," ಎಂದು ನಾನು ಕೂಗಿದೆ. ಅವನ ಹಿಂದೆಯೇ ಅಡುಗೆಮನೆಗೆ ಹೋದೆ.

"ಕುಡಿಯೋದು ಬಿಟ್ಟು ನಲವತ್ತು ದಿನ ಆಯ್ತು, ಲೌರಿ. ನಿಂಗೆ ಗೊತ್ತಾಗಿತ್ತಾ?" ಎಂದ, ಕೆಟಲ್ ನೋಡುತ್ತಾ.

"ನಿಂಗೆ ಸಕ್ಕರೆ ಎಷ್ಟೋ?" ಎಂದು ಮಾತು ತಿರುಗಿಸಿದೆ.

ಆರು ವರ್ಷದಿಂದ ಅವನ ಟೀಗೆ ಎರಡು ಚಮಚ ಹಾಕುತ್ತಿರುವವಳು ನಾನೇ.