ಮಿರ್ತಾರ ಕುರ್ಚಿಗೆ ಕೈ ಹಾಕಬೇಡಿ, ಅಧ್ಯಕ್ಷರೇ

ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ,

ಗುರುವಾರದ ಸಭೆಯಲ್ಲಿ ನಮ್ಮ ಹೊಸ ಕ್ರೀಡಾ ನಿರ್ದೇಶಕಿ ಮಿರ್ತಾ ಸಬಲೇತಾ ಅವರನ್ನು ತೆಗೆದುಹಾಕುತ್ತೀರಂತೆ. ಕಾರಣ, ‘ಶಿಸ್ತಿನ ಕೊರತೆ’. ಅಧ್ಯಕ್ಷರಾದ ತಮ್ಮ ಅಳಿಯನನ್ನು ತಂಡಕ್ಕೆ ಸೇರಿಸಿಕೊಳ್ಳಲು ಆಕೆ ಒಪ್ಪಲಿಲ್ಲ ಎಂಬುದನ್ನು ಇಷ್ಟು ಘನವಾಗಿ ಹೇಳಲು ಇಡೀ ಪಯ್ಸಾಂದೂ ಊರಿನಲ್ಲಿ ಬೇರೆ ಯಾರಿಗೆ ಸಾಧ್ಯ?

ಆಕೆಯನ್ನು ತಂದವರೂ ತಾವೇ ಅಲ್ಲವೇ? ತಂಡ ಸೋತು ಸೋತು ಸುಣ್ಣವಾಗಿ, ನಾವು ಕಚೇರಿಯ ಮುಂದೆ ಡೋಲು ಬಡಿದಾಗ, ನಮ್ಮ ಬಾಯಿ ಮುಚ್ಚಿಸಲೆಂದು ಮಹಿಳಾ ತಂಡದ ಹಳೆಯ ನಾಯಕಿಯನ್ನು ಆ ಕುರ್ಚಿಯಲ್ಲಿ ಕೂರಿಸಿದಿರಿ. ಆಟಗಾರರ ಆಯ್ಕೆ ಇನ್ನು ಇವರದೇ ಎಂದು ಸಾರಿ ಫೋಟೊಗೆ ನಕ್ಕಿರಿ. ಆಕೆ ನಿಜವಾಗಿಯೂ ಆಯ್ಕೆ ಮಾಡಿಬಿಡುತ್ತಾರೆಂದು, ಪಾಪ, ತಮಗೇನು ಗೊತ್ತು?

ಆಕೆ ಮೊದಲು ಕರೆತಂದದ್ದು ವಿಲ್ಮಾರ್ ಗಡೆಯಾನನ್ನು. ರೈಲು ಹಳಿಯಾಚೆಯ ಕ್ಲಬ್ಬಿನಲ್ಲಿದ್ದಾಗ ನಮಗೇ ಗೋಲು ಹೊಡೆದು, ನಮ್ಮ ಗ್ಯಾಲರಿಗೇ ಮುತ್ತು ತೂರುತ್ತಿದ್ದ ಅದೇ ಗಡೆಯಾ! ವಯಸ್ಸಾಯಿತೆಂದು ಅವರು ಕೈಬಿಟ್ಟವನು. ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಭಾನುವಾರದ ಮಾಂಸ ಕೆಂಡದ ಮೇಲಿತ್ತು. ಮಾಟೆ ಚಹಾ ಹೀರುತ್ತಿದ್ದ ನನ್ನ ತಮ್ಮ ಹಸಿಂತೊ ಕೆಮ್ಮಿ ಕೆಮ್ಮಿ ಕೆಂಪಾದ.

“ಅಕ್ಕಾ, ಆ ಮಿರ್ತಾಗೆ ತಲೆ ಕೆಟ್ಟಿದೆ! ಅವ್ನೇನಾದ್ರೂ ನಮ್ಮ ಕಡೆಯಿಂದ ಹಳಿಯಾಚೆಯವ್ರಿಗೆ ಒಂದು ಗೋಲ್ ಹೊಡೆದ್ರೆ ನಾನು ಮೀಸೆ ಬೋಳಿಸ್ಕೋತೀನಿ!”

“ಎಲ್ರೂ ಕೇಳಿಸ್ಕೊಂಡ್ರಲ್ಲಾ?” ಎಂದಳು ಅವನ ಹೆಂಡತಿ ನೆಲಿದಾ.

ಮಿರ್ತಾರನ್ನು ಸಂತೆಯಲ್ಲಿ ಅಡ್ಡಗಟ್ಟಿ ನಾನೂ ಕೇಳಿಯೇಬಿಟ್ಟೆ: “ಬೇರೆ ಯಾರೂ ಸಿಗ್ಲಿಲ್ವೇನಮ್ಮಾ?”

“ಡೆಲ್ಮೀರಕ್ಕಾ, ಅವ್ನನ್ನ ಮನೆಗೆ ಕಳಿಸಿದವ್ರ ಮೇಲೆ ಅವ್ನಿಗಿರೋ ಸಿಟ್ಟು ನಮ್ಗೂ ಇಲ್ಲ. ಕಾಲು ನಿಧಾನ ಆಗಿರ್ಬಹುದು, ಸಿಟ್ಟು ಆಗಿಲ್ಲ,” ಎಂದು ನಕ್ಕು ಕುಂಬಳಕಾಯಿ ಆರಿಸತೊಡಗಿದರು.

ಹಳಿಯಾಚೆಯವರ ಜೊತೆಗಿನ ಮೊನ್ನೆಯ ಪಂದ್ಯ ತಾವೂ ನೋಡಿದಿರಿ. ಇನ್ನೇನು ಸೀಟಿ ಊದಬೇಕು, ಮೂಲೆಯಿಂದ ಬಂದ ಚೆಂಡಿಗೆ ಗಡೆಯಾ ತಲೆ ಕೊಟ್ಟ. ಗೋಲ್! ಅವನು ಮುತ್ತು ತೂರಲಿಲ್ಲ. ನಮ್ಮ ಗ್ಯಾಲರಿಯ ಮುಂದೆ ಬಂದು, ಇವರು ಅಪ್ಪುತ್ತಾರೋ ಹೊಡೆಯುತ್ತಾರೋ ತಿಳಿಯದವನಂತೆ ಸುಮ್ಮನೆ ನಿಂತ. ಹಸಿಂತೊ ಬೇಲಿ ಹತ್ತಿ, ಪ್ಯಾಂಟು ಹರಿದುಕೊಂಡು ಅತ್ತ ಧುಮುಕಿ, ಅವನ ಎರಡೂ ಕೆನ್ನೆಗೆ ಮುತ್ತಿಟ್ಟು ಗೊಳೋ ಎಂದು ಅತ್ತ. ಗಡೆಯಾನೂ ಅತ್ತ. ನಾನು ಪಕ್ಕದಲ್ಲಿದ್ದ ಹೆಂಗಸನ್ನು ತಬ್ಬಿ ಕುಣಿದೆ. ಆಮೇಲೆ ನೋಡಿದರೆ ಅವರು ತಮ್ಮ ಧರ್ಮಪತ್ನಿ! “ಮಿರ್ತಾ! ಮಿರ್ತಾ!” ಎಂದು ನನಗಿಂತ ಜೋರಾಗಿ ಕೂಗುತ್ತಿದ್ದರು. ಇಡೀ ಮೈದಾನದಲ್ಲಿ ಕುಳಿತೇ ಇದ್ದವರು ತಾವೊಬ್ಬರೇ. ಅದೇ ಇರಬೇಕು ಶಿಸ್ತು.

ಸಂಜೆ ನೆಲಿದಾ ಬೀದಿಯಲ್ಲೇ ಕುರ್ಚಿ ಹಾಕಿ, ನೆರೆಹೊರೆಯವರ ಚಪ್ಪಾಳೆಯ ನಡುವೆ ಗಂಡನ ಮೀಸೆ ಬೋಳಿಸಿದಳು. ಒಮ್ಮೆ ದಿಟ್ಟಿಸಿ ನೋಡಿ, “ಅಯ್ಯೋ, ಬೇಗ ಬೆಳೆಸ್ಕೊಳ್ರೀ!” ಎಂದಳು.

ಇಂಥ ಸಂಜೆ ಕೊಟ್ಟವರನ್ನು ಹೊರಗೆ ಕಳಿಸಿ, ಅಳಿಯನನ್ನು ಒಳಗೆ ಕರೆಯುತ್ತೀರಾ? ನಮ್ಮ ಬೇಡಿಕೆ ಸರಳ: ಗುರುವಾರ ಮಿರ್ತಾರ ನೇಮಕವನ್ನು ಕಾಯಂಗೊಳಿಸಿ. ತಮ್ಮ ಅಳಿಯನಿಗೂ ಆಡುವ ಆಸೆಯಿದ್ದರೆ, ಎಲ್ಲರಂತೆ ಬಂದು ಮಿರ್ತಾರ ಮುಂದೆ ಓಡಿ ತೋರಿಸಲಿ. ಹಳಿಯಾಚೆಯವನಿಗೇ ನ್ಯಾಯ ಸಿಕ್ಕ ಜಾಗದಲ್ಲಿ ಅಧ್ಯಕ್ಷರ ಅಳಿಯನಿಗೆ ಸಿಗದೇ?

ಇಂತಿ,
ಗಂಟಲು ಪೂರ್ತಿ ಕಟ್ಟಿರುವುದರಿಂದ ಕೂಗಲಾಗದೆ ಬರೆಯಬೇಕಾಗಿ ಬಂದ ಸದಸ್ಯೆ,
ಡೆಲ್ಮೀರಾ ಎಚೆಗೋಯೆನ್