ಮುಖಪುಟದಲ್ಲಿ ಪಾಪಾಜಿಯ ನಗು

ಪಾಪಾಜಿ,

ನಮ್ಮ ಬ್ರಾಂಪ್ಟನ್ ನೋಡಲು ಬರುವವರಿಗೆಂದು ಮಾಲ್‌ನವರು ಹಂಚುತ್ತಿದ್ದ ಕೈಪಿಡಿ ಇವತ್ತು ಕೈಗೆ ಬಂತು. ಕೆನಡಾದಲ್ಲೇ ಭರದಿಂದ ಬೆಳೆಯುತ್ತಿರುವ ಊರಂತೆ. ಮುಖಪುಟದಲ್ಲಿ ನೀವೇ! ಅದೇ ಮಾಲ್‌ನ ಬೆಂಚು, ಕೈಯಲ್ಲಿ ಇಸ್ಪೀಟೆಲೆ, ಬಾಯ್ತುಂಬ ನಗು. ಕೆಳಗೆ, ‘ಬನ್ನಿ, ನಮ್ಮ ಹಿರಿಯರ ಜೊತೆ ಒಂದಾಟ ಆಡಿ’ ಎಂದು ಬರೆದಿದ್ದಾರೆ. ಹಿಮ ಬೀಳುವಾಗಲೂ ಆ ಬೆಂಚಿನಿಂದ ನಿಮ್ಮನ್ನೆಲ್ಲ ಎಬ್ಬಿಸಿ ಹೊರಗಟ್ಟಿದವರು ಇವರೇ ತಾನೆ?

ನಿಮ್ಮ ಆಟದ ಜೋಡಿ ಮುಖ್ತಿಯಾರ್ ಚಾಚಾ ಅಲ್ಲೇ ಸಿಕ್ಕರು. “ನೋಡಮ್ಮ ಗುಣೀತ್, ಬೆಂಚು ಕಿತ್ತಾಕಿ ಚಿತ್ರ ಮಾತ್ರ ಇಟ್ಕೊಂಡವ್ರೆ, ನಾಚ್ಕೆಗೆಟ್ಟೋರು! ನಿಮ್ಮಪ್ಪ ಬದುಕಿದ್ದಿದ್ರೆ ಮುಖಕ್ಕೆ ಉಗೀತಿದ್ದ” ಎಂದರು.

ಕೈಪಿಡಿಯನ್ನು ಕಸದ ಬುಟ್ಟಿಗೆ ಎಸೆದೆ. ಬಾಗಿಲವರೆಗೆ ಹೋದವಳು ವಾಪಸ್ ಬಂದು, ಬುಟ್ಟಿಗೆ ಕೈಹಾಕಿ ಮುಖಪುಟವನ್ನಷ್ಟೇ ಹರಿದುಕೊಂಡೆ. ನಮ್ಮ ಮನೆಯ ಯಾವ ಫೋಟೋದಲ್ಲೂ ನೀವು ನಕ್ಕಿಲ್ಲ.