ಹನ್ನೊಂದು ಮೀನು

೫ ಅಕ್ಟೋಬರ್ ೧೯೯೮, ಸೋಮವಾರ. ಬೆಳಿಗ್ಗೆ ೮

ಗಾಳಿ ಊದುವ ಟ್ಯಾಂಕಿನ ನೀರು ಒಂದು ಲೀಟರ್ ತೆಗೆದು ಅರ್ಧ ಗಂಟೆ ಇಟ್ಟೆ. ಕೆಳಗೆ ಕುಳಿತ ಕೆಸರು ೯೦ ಮಿ.ಲೀ. ಹಬ್ಬದ ರಜೆಗೆ ಮುಂಚೆ ೨೮೦ ಇತ್ತು. ಕಂದು ಹೋಗಿ ಕಪ್ಪಾಗಿದೆ. ಈ ಕೆಸರೇ ರಿಫೈನರಿಯ ಕೊಳೆನೀರಿನ ಎಣ್ಣೆ ತಿಂದು ಅದನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾ; ಅವು ಸಾಯುತ್ತಿವೆ.

ಆದರೆ ಶುದ್ಧವಾದ ನೀರು ಸೇರುವ ಹೊರಗಿನ ತೊಟ್ಟಿಯಲ್ಲಿ, ನೀರಿನ ಪರೀಕ್ಷೆಗೆಂದು ಬಿಟ್ಟ ಮೀನು ಹನ್ನೊಂದೂ ಬದುಕಿವೆ. ಹೇಗೆ?

ಸಂಜೆ

ಪಕ್ಕದ ಹೊಲದ ಪುಟ್ಟಗೌರಮ್ಮ ತೊಟ್ಟಿಯಿಂದ ಹರಿಯುವ ಕಾಲುವೆಗೆ ಎಮ್ಮೆ ಇಳಿಸಿದ್ದರು. ಈ ನೀರು ಕುಡಿಸಬಹುದಾ ಎಂದು ಹೋದ ತಿಂಗಳು ಕೇಳಿದ್ದಾಗ ಮೀನು ತೋರಿಸಿ, ಕುಡಿಸಿ ಎಂದವನು ನಾನೇ. ಎಮ್ಮೆ ಗಬ್ಬ.

೬ ಅಕ್ಟೋಬರ್

ಕೆಸರು ೬೦. ಬ್ಯಾಕ್ಟೀರಿಯಾಕ್ಕೆ ಪೋಷಣೆಯ ಯೂರಿಯಾ ಸರಿಯಾಗಿ ಹಾಕಿದೆ. ಗಾಳಿಯ ಬ್ಲೋಯರ್ ನಿಂತಿಲ್ಲ. ಮೀನು ಹನ್ನೊಂದು.

ಬಾಲ ಹರಿದದ್ದೊಂದಿತ್ತು. ಅದಿಲ್ಲ. ಎಣಿಕೆ ಮಾತ್ರ ಸರಿ.

ಆಪರೇಟರ್ ಕೆಂಪನಂಜಪ್ಪ ಹಿಂದೆ ಬಂದು ನಿಂತ. “ಏನ್ ಸಾ, ದಿನಾ ಎಣಿಸ್ತೀರಿ. ಸಾರ್ ಮಾಡ್ಸೋಣ್ವಾ?” ನಕ್ಕ. ಕಣ್ಣು ನಗಲಿಲ್ಲ.

ರೂಮಿಗೆ ಬಂದು ರಷ್ಯನ್ ಕಾದಂಬರಿಯ ಅನುವಾದ ತೆರೆದೆ. ಒಬ್ಬೊಬ್ಬರಿಗೂ ಮೂರು ಹೆಸರು. ಇಲ್ಲಿ ಒಂದೇ ಹೆಸರಿನವನನ್ನೂ ನಂಬಲಾಗುತ್ತಿಲ್ಲ. ಮುಚ್ಚಿಟ್ಟೆ.

೯ ಅಕ್ಟೋಬರ್, ಮಧ್ಯಾಹ್ನ

ಸ್ಟೋರಿನಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಖಾಲಿ. ಕೆಂಪನಂಜಪ್ಪನನ್ನು ಕೇಳಿದೆ.

“ಆಯುಧಪೂಜೆಗೆ ಗಾಳಿ ಟ್ಯಾಂಕ್ನ ಅದ್ರಲ್ಲೇ ತೊಳ್ದೆ ಸಾ. ಎಲ್ಲಾ ಮಿಷಿನ್ನೂ ತೊಳ್ದು ಕುಂಕುಮ ಇಟ್ಟು, ಅದೊಂದ್ನ ಗಲೀಜಾಗಿ ಬುಡಕಾದದಾ?”

“ಆ ಗಲೀಜಲ್ಲೇ ಕಣಯ್ಯ ಜೀವ ಇದ್ದದ್ದು.”

ಖಾಲಿ ಚೀಲ ಕೈಗೆತ್ತಿಕೊಂಡ. “ಅದ್ಕೇಯಾ ಮೀನು…” ಎಂದ. ಚೀಲ ಮಡಿಸುತ್ತಾ ಹೊರಗೆ ಹೋದ.

ಸಂಜೆ ೫

ಎಮ್ಮೆಗೆ ಆ ನೀರು ಬೇಡ ಎಂದು ಪುಟ್ಟಗೌರಮ್ಮನಿಗೆ ಹೇಳಿದೆ. ಸೊಂಟದ ಮೇಲೆ ಕೈ ಇಟ್ಟರು.

“ಓದ್ ತಿಂಗ್ಳು ಕುಡ್ಸು ಅಂದ್ರಿ. ಈಗ ಬ್ಯಾಡ ಅಂತೀರಿ. ಮೀನ್ ಈಜ್ತಾವೆ, ಈಗ್ಲೇ ನೋಡ್ಕ ಬಂದೆ. ನೀರ್ನ ಇನ್ಯಾರ್ಗಾರ ಕೊಟ್ಬುಟ್ರಾ ಸಾ?”

ನನ್ನನ್ನೇ ಅನುಮಾನಿಸಿದರು. ಯಾರೋ ಮೀನು ಬದಲಾಯಿಸುತ್ತಿದ್ದಾರೆ ಎನ್ನಲು ನಾನು ಕಣ್ಣಾರೆ ಕಂಡಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ತೊಟ್ಟಿ ಹತ್ತಿರ ಬನ್ನಿ ಎಂದು ಬಂದೆ.

೧೦ ಅಕ್ಟೋಬರ್, ಶನಿವಾರ. ಬೆಳಿಗ್ಗೆ ೭

ಬಂದಿದ್ದರು. ಪುಟ್ಟಗೌರಮ್ಮ, ಸೆರಗು ಹೊದ್ದು. ಅನುಮಾನ ಬಂದು ಐದು ದಿನದಿಂದ ಮೀನು ಎಣಿಸುತ್ತಿದ್ದೇನೆ ಎಂದೆ. ತೊಟ್ಟಿಯಲ್ಲಿ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಆರೂ ಇಪ್ಪತ್ತಕ್ಕೆ ಕೆಂಪನಂಜಪ್ಪ ಸೈಕಲ್ ಇಳಿದ. ಹ್ಯಾಂಡಲ್ಲಿನಲ್ಲಿ ಮುಚ್ಚಳ ಹಾಕಿದ ಸ್ಟೀಲ್ ಕ್ಯಾನು. ನಮ್ಮನ್ನು ಕಂಡು ನಿಂತುಬಿಟ್ಟ.

ಪುಟ್ಟಗೌರಮ್ಮನೇ ಹೋಗಿ ಕ್ಯಾನು ಬಿಡಿಸಿಕೊಂಡು ಮುಚ್ಚಳ ತೆಗೆದರು. ಒಳಗೆ ಮೀನು ಮಿಸುಕಿದವು.

“ಲೇ ಕೆಂಪ, ನಮ್ ಕೆರೇವು ಅಲ್ವೇನ್ಲಾ ಇವು?”

“ಸತ್ತವು ಕಂಡ್ರೆ ಕೆಲ್ಸದಿಂದ ತಗೀತಾರೆ ಗೌರಕ್ಕ. ಯಾರೂ ಏಳ್ಕೊಟ್ಟಿಲ್ಲ. ದಿನಾ ನಾನೇ ತತ್ತಿದ್ದೆ.”

ಅವನ ಮೇಲೆ ಕೂಗಾಡುತ್ತಾರೆ ಅಂದುಕೊಂಡೆ. ಕ್ಯಾನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಇವ್ನು ಮೀನ್ ತಂದ. ಕುಡ್ಸು ಅಂದೋರು ನೀವಲ್ವಾ ಸಾ?”

ಹೌದು ಎಂದೆ.

“ಐದ್ ದಿನದಿಂದ ಎಣಿಸ್ತಿದ್ರಂತೆ. ನಿನ್ನೆ ಸಂದೆಗಂಟ ಯಾಕ್ ಏಳ್ನಿಲ್ಲ?”

ಖಚಿತವಾಗಲಿ ಎಂದು ಕಾದೆ — ಇದನ್ನು ಅವರಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆದು ನೋಡಿದರೂ ನೆಪದಂತೆಯೇ ಕಾಣುತ್ತದೆ.